ಗರಿಕೆಯ ಗುಣವೂ ಮಿತಿಯೂ

ನಮ್ಮ ಕಾಲೇಜಿನ ಆಟದ ಬಯಲಿನಲ್ಲಿ ದಿನವೂ ನೂರಾರು ಜನ ತುಳಿದಾಡುವ ಒಂದು ಹುಲ್ಲಿದೆ. ಅದರ ವಿಷಯವಾಗಿ ವಾರ್ಷಿಕ ಸಂಚಿಕೆಗೆ ಲೇಖನ ಬರೆಯುತ್ತೇನೆಂದು ಹೇಳಿದಾಗ ಗೆಳೆಯರು ನಕ್ಕರು. ಇತಿಹಾಸವನ್ನೂ ಕನ್ನಡವನ್ನೂ ಓದುತ್ತಿರುವ ಬಿ.ಎ. ವಿದ್ಯಾರ್ಥಿಗೆ ಹುಲ್ಲಿನ ಗೊಡವೆ ಏಕೆ ಎಂದು ಒಬ್ಬನು ಕೇಳಿದನು. ಪ್ರಶ್ನೆ ನ್ಯಾಯವಾದದ್ದೇ. ನಾನು ವೈದ್ಯನಲ್ಲ, ಸಸ್ಯಶಾಸ್ತ್ರವನ್ನು ಕ್ರಮವಾಗಿ ಕಲಿತವನೂ ಅಲ್ಲ. ಆದರೆ ಈ ಹುಲ್ಲಿನಿಂದ ನಮ್ಮ ಮನೆಯಲ್ಲಿ ಒಂದು ಪ್ರಶ್ನೆ ಹುಟ್ಟಿತು. ಅದಕ್ಕೆ ಉತ್ತರವನ್ನು ಹುಡುಕುತ್ತ ಗ್ರಂಥಾಲಯದಲ್ಲಿ ಓದಿದ್ದನ್ನೂ ಬಲ್ಲವರಿಂದ ಕೇಳಿ ತಿಳಿದದ್ದನ್ನೂ ಇಲ್ಲಿ ಒಂದು ಕ್ರಮದಲ್ಲಿ ಬರೆಯಲು ಪ್ರಯತ್ನಿಸಿದ್ದೇನೆ. ಆ ಹುಲ್ಲು ಗರಿಕೆ.

ಗರಿಕೆಯನ್ನು ಕಾಣದವರು ನಮ್ಮ ನಾಡಿನಲ್ಲಿ ಇರಲಾರರು. ಗಣೇಶನ ಹಬ್ಬದಲ್ಲಿ ಇಪ್ಪತ್ತೊಂದು ಗರಿಕೆಯನ್ನು ಆಯ್ದು ಕಟ್ಟಿ ಏರಿಸುತ್ತೇವೆ. ಶುಭಕಾರ್ಯಕ್ಕೆ ಮೊದಲು ಸಗಣಿಯ ಬೆನಕನನ್ನು ಮಾಡಿ ಅವನ ನೆತ್ತಿಗೆ ಗರಿಕೆ ಸಿಕ್ಕಿಸುತ್ತೇವೆ. ಮನೆತನವು ಗರಿಕೆಯ ಕುಡಿಯಂತೆ ಹಬ್ಬಲಿ ಎಂದು ಹಿರಿಯರು ಹರಸುವುದುಂಟು. ಇಷ್ಟು ಗೌರವವಿದ್ದ ಹುಲ್ಲನ್ನೇ ಹೊಲದಲ್ಲಿ ಕಂಡಾಗ ಅದೇ ಹಿರಿಯರು ಶಪಿಸುತ್ತಾರೆ. ನಮ್ಮದು ರಾಗಿ ಬೆಳೆಯುವ ಸೀಮೆ. ಕುಂಟೆ ಹೊಡೆದು ಕಿತ್ತುಹಾಕಿದ ಗರಿಕೆಯ ಒಂದು ಗೆಣ್ಣು ಮಣ್ಣಿನಲ್ಲಿ ಉಳಿದರೂ ಸಾಕು, ಮುಂದಿನ ಮಳೆಗೆ ಅದು ಗೇಣುದ್ದ ಹರಿದಿರುತ್ತದೆ. ನಮ್ಮ ತಂದೆಯವರ ಆಯುಷ್ಯದ ಒಂದು ಪಾಲು ಗರಿಕೆಯನ್ನು ಕೀಳುವುದರಲ್ಲಿಯೇ ಕಳೆದಿದೆ. ಪೂಜೆಗೆ ಬೇಕಾದುದೂ ಬೆಳೆಗೆ ಬೇಡವಾದುದೂ ಒಂದೇ ಗುಣ, ಎಂದರೆ ಸಾಯದೆ ಹಬ್ಬುವ ಗುಣ.

ಮದ್ದಿಗೆ ಬಳಸುವ ಮಾತು ಬಂದರೆ ಮೊದಲು ಗುರುತು ಸರಿಯಾಗಿರಬೇಕು. ಗರಿಕೆಯು ನೆಲದ ಮೇಲೆ ಹಂಬಾಗಿ ಹರಿಯುತ್ತದೆ, ಗೆಣ್ಣುಗೆಣ್ಣಿಗೂ ಬೇರಿಳಿಸುತ್ತದೆ, ನೆಲದೊಳಗೂ ಬೆಳ್ಳನೆಯ ಗಟ್ಟಿ ಕಾಂಡವನ್ನು ಚಾಚುತ್ತದೆ. ಬೇಸಿಗೆಯಲ್ಲಿ ಮೇಲಿನದೆಲ್ಲ ಒಣಗಿದರೂ ಈ ಒಳಗಾಂಡವು ಜೀವ ಹಿಡಿದುಕೊಂಡಿದ್ದು ಮೊದಲ ಮಳೆಗೆ ಚಿಗುರುತ್ತದೆ. ಸಂಸ್ಕೃತದಲ್ಲಿ ಇದಕ್ಕೆ ದೂರ್ವಾ ಎಂಬ ಹೆಸರಿನೊಂದಿಗೆ ಶತಪರ್ವಾ ಎಂಬ ಹೆಸರೂ ಇದೆ. ನೂರು ಗೆಣ್ಣುಗಳುಳ್ಳದ್ದು ಎಂದು ಅದರ ಅರ್ಥ. ಹೂಗಡ್ಡಿಯ ತುದಿಯಲ್ಲಿ ಸಾಮಾನ್ಯವಾಗಿ ಮೂರರಿಂದ ಆರು ತೆಳ್ಳನೆಯ ತೆನೆಗಳು ಒಂದೇ ಬಿಂದುವಿನಿಂದ ಬೆರಳುಗಳಂತೆ ಅಗಲಿಕೊಂಡಿರುತ್ತವೆ. ರಾಗಿಯ ತೆನೆಯನ್ನು ನೋಡಿದವರಿಗೆ ಇದರಲ್ಲಿ ಆಶ್ಚರ್ಯವಿಲ್ಲ. ರಾಗಿಯೂ ಗರಿಕೆಯೂ ಹುಲ್ಲಿನ ಕುಲದ ಒಂದೇ ಕವಲಿಗೆ ಸೇರಿದ ದಾಯಾದಿಗಳು.

ಬದುವಿನ ಮೇಲೆ ಬೆಳೆಯುವ ಕಾಡುರಾಗಿಯ ಹುಲ್ಲನ್ನು ಕೆಲವರು ಗರಿಕೆಯೆಂದು ಕಿತ್ತು ತರುತ್ತಾರೆ. ಕಾಡುರಾಗಿಯು ಗುಂಪುಗುಂಪಾಗಿ ಒಂದೆಡೆ ನಿಲ್ಲುತ್ತದೆ. ಅದರ ದಂಟಿನ ಬುಡ ಚಪ್ಪಟೆ. ಅದು ಹಂಬು ಬಿಡುವುದಿಲ್ಲ. ಇದೊಂದನ್ನು ನೋಡಿಕೊಂಡರೆ ತಪ್ಪಾಗದು.

ಸಸ್ಯಶಾಸ್ತ್ರಜ್ಞರು ಇದನ್ನು ಸೈನೋಡಾನ್ ಡ್ಯಾಕ್ಟಿಲಾನ್ ಎಂದು ಕರೆಯುತ್ತಾರೆ. ೧೭೫೩ರಲ್ಲಿ ಲಿನೇಯಸ್ ಇದನ್ನು ಬೇರೊಂದು ಜಾತಿಗೆ ಸೇರಿಸಿ ಹೆಸರಿಟ್ಟಿದ್ದನು. ೧೮೦೫ರಲ್ಲಿ ಪರ್ಸೂನ್ ಎಂಬ ವಿದ್ವಾಂಸನು ಈಗಿನ ಹೆಸರನ್ನು ಕೊಟ್ಟನು. ಗ್ರೀಕ್ ಮೂಲದ ಈ ಹೆಸರಿನ ಮೊದಲ ಮಾತಿಗೆ ನಾಯಿಹಲ್ಲು ಎಂದೂ ಎರಡನೆಯದಕ್ಕೆ ಬೆರಳು ಎಂದೂ ಅರ್ಥ. ಇಂಗ್ಲಿಷಿನವರು ಬರ್ಮುಡಾ ಹುಲ್ಲು ಎಂದು ಕರೆದರೂ ಇದು ಬರ್ಮುಡಾ ದ್ವೀಪದಲ್ಲಿ ಹುಟ್ಟಿದ್ದಲ್ಲ. ಋಗ್ವೇದದಲ್ಲಿಯೇ ದೂರ್ವೆಯ ಹೆಸರು ಬಂದಿದೆ ಎಂಬುದನ್ನು ನೆನೆದರೆ ನಮ್ಮ ನೆಲಕ್ಕೂ ಇದಕ್ಕೂ ಎಷ್ಟು ಹಳೆಯ ನಂಟು ಎಂಬುದು ತಿಳಿಯುತ್ತದೆ.

ಇನ್ನು ವೈದ್ಯಗ್ರಂಥಗಳ ವಿಚಾರ. ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಔಷಧಗಳನ್ನು ಹತ್ತು ಹತ್ತರಂತೆ ಐವತ್ತು ಗುಂಪುಗಳಾಗಿ ವಿಂಗಡಿಸಿದ್ದಾರೆ. ಮೈಬಣ್ಣವನ್ನು ತಿದ್ದುವ ಗುಂಪಿನಲ್ಲಿಯೂ ಗರ್ಭವನ್ನು ನೆಲೆಗೊಳಿಸುವ ಗುಂಪಿನಲ್ಲಿಯೂ ದೂರ್ವೆಯ ಎರಡೆರಡು ಬಗೆಗಳು ಬೇರೆ ಹೆಸರುಗಳಿಂದ ಬಂದಿವೆಯೆಂದು ವ್ಯಾಖ್ಯಾನಕಾರರು ಹೇಳುತ್ತಾರೆ. ಭಾವಪ್ರಕಾಶದಲ್ಲಿ ನೀಲದೂರ್ವಾ, ಶ್ವೇತದೂರ್ವಾ, ಗಂಡದೂರ್ವಾ ಎಂದು ಮೂರು ಬಗೆಗಳನ್ನು ಎಣಿಸಿದೆ. ಆಯುರ್ವೇದದ ಮಾತಿನಲ್ಲಿ ಹೇಳುವುದಾದರೆ ದೂರ್ವೆಯ ರುಚಿ ಒಗರು ಮತ್ತು ಸಿಹಿ. ಅದರ ವೀರ್ಯ ತಂಪು. ಅದು ಕಫಪಿತ್ತಗಳನ್ನು ಶಮನಮಾಡುವಂಥದು. ಉಪಯೋಗಗಳೆಲ್ಲವೂ ಈ ತಂಪು ಮತ್ತು ಒಗರು ಎಂಬ ಎರಡು ಮಾತುಗಳಿಂದಲೇ ಹೊರಡುತ್ತವೆ. ತಂಪಾದುದರಿಂದ ಉರಿಗೆ, ಬಾಯಾರಿಕೆಗೆ. ಒಗರಾದುದರಿಂದ ಸೋರುವ ರಕ್ತವನ್ನು ಹಿಡಿಯುವುದಕ್ಕೆ.

ಬಳಕೆಯಲ್ಲಿರುವ ಮುಖ್ಯ ಉಪಯೋಗಗಳನ್ನು ನಾಲ್ಕಾಗಿ ವಿಂಗಡಿಸಬಹುದು.

ಮೊದಲನೆಯದು ರಕ್ತಸ್ರಾವ. ಮೂಗಿನಿಂದ ರಕ್ತ ಬಂದಾಗ ಗರಿಕೆಯ ರಸವನ್ನು ಮೂಗಿಗೆ ಬಿಡುವುದು, ಮೂಲವ್ಯಾಧಿಯ ರಕ್ತಕ್ಕೂ ಹೆಂಗಸರ ಅತಿಸ್ರಾವಕ್ಕೂ ರಸವನ್ನು ಕುಡಿಸುವುದು ವಾಡಿಕೆ. ಎರಡನೆಯದು ಚರ್ಮದ ಕಾಯಿಲೆ. ಗರಿಕೆಯನ್ನೂ ಅರಿಸಿನವನ್ನೂ ಕೂಡಿಸಿ ಅರೆದು ಕಜ್ಜಿ ತುರಿಕೆಗಳಿಗೆ ಹಚ್ಚುವುದು ಹಳೆಯ ಗ್ರಂಥಗಳಲ್ಲಿಯೂ ಇದೆ, ನಮ್ಮ ಹಿತ್ತಲುಗಳಲ್ಲಿಯೂ ಇದೆ. ಕರಾವಳಿಯ ಕಡೆಯಲ್ಲಿಯೂ ಕೇರಳದಲ್ಲಿಯೂ ಗರಿಕೆಯ ರಸವನ್ನು ಹಾಕಿ ಕಾಯಿಸಿದ ಕೊಬ್ಬರಿ ಎಣ್ಣೆಯನ್ನು ತಲೆಹೊಟ್ಟಿಗೆ ಬಳಸುತ್ತಾರೆ. ಮೂರನೆಯದು ಉರಿಮೂತ್ರ. ಇದಕ್ಕೆ ಬೇರಿನ ಕಷಾಯ. ಯುರೋಪಿನ ಹಳೆಯ ವೈದ್ಯದಲ್ಲಿಯೂ ಇದರ ಒಳಗಾಂಡವನ್ನು ಮೂತ್ರ ಸರಾಗವಾಗಲೆಂದು ಕೊಡುತ್ತಿದ್ದರು. ನಾಲ್ಕನೆಯದು ಬಾಯಾರಿಕೆ ಮತ್ತು ವಾಂತಿ. ಅಕ್ಕಿ ತೊಳೆದ ನೀರಿನಲ್ಲಿ ಗರಿಕೆಯ ರಸವನ್ನು ಬೆರೆಸಿ ಕೊಡುವುದು ಇದರ ಕ್ರಮ. ರಸದ ಪ್ರಮಾಣವು ವಯಸ್ಕರಿಗೆ ೧೦ರಿಂದ ೨೦ ಮಿಲಿಲೀಟರ್, ಎಂದರೆ ಎರಡರಿಂದ ನಾಲ್ಕು ಸಣ್ಣ ಚಮಚ. ಈಗ ಬೆಂಗಳೂರಿನ ಉದ್ಯಾನಗಳ ಬಾಗಿಲಲ್ಲಿ ಮುಂಜಾನೆ ಲೋಟದ ತುಂಬ ಗರಿಕೆ ರಸವನ್ನು ಮಾರುತ್ತಾರೆ. ಅಷ್ಟನ್ನು ದಿನವೂ ಕುಡಿಯಬೇಕೆಂದು ಯಾವ ಹಳೆಯ ಗ್ರಂಥದಲ್ಲಿಯೂ ನಾನು ಓದಲಿಲ್ಲ.

ಇಲ್ಲಿಯವರೆಗೆ ಬರೆದದ್ದನ್ನು ಯಾವ ಗಿಡಮೂಲಿಕೆಯ ಪುಸ್ತಕದಲ್ಲಾದರೂ ಕಾಣಬಹುದು. ನಮ್ಮ ಮನೆಯ ಪ್ರಶ್ನೆ ಮುಂದಿನದು.

ನಮ್ಮ ಅಜ್ಜಿಗೆ ಅಕ್ಷರ ಬಾರದು. ಆದರೆ ಊರಿನಲ್ಲಿ ಮಕ್ಕಳಿಗೆ ಮೂಗಿನಲ್ಲಿ ರಕ್ತ ಬಂದರೆ ಮೊದಲು ಕರೆತರುತ್ತಿದ್ದದ್ದು ಅವಳ ಬಳಿಗೆ. ಅವಳು ಮಗುವನ್ನು ಜಗಲಿಯ ಮೇಲೆ ಕೂರಿಸಿ, ತಲೆ ಬಗ್ಗಿಸಿ, ಮೂಗನ್ನು ಹಿಡಿದುಕೊಂಡಿರು ಎಂದು ಹೇಳಿ, ಗರಿಕೆಯನ್ನು ತೊಳೆದು ಅರೆದು ಹಿಂಡಿ ತರುತ್ತಿದ್ದಳು. ಅಷ್ಟು ಹೊತ್ತಿಗೆ ರಕ್ತ ಕಡಿಮೆಯಾಗಿರುತ್ತಿತ್ತು. ಎರಡು ಹನಿ ಬಿಟ್ಟಮೇಲೆ ಪೂರ್ತಿ ನಿಂತುಹೋಗುತ್ತಿತ್ತು. ಅದಕ್ಕಾಗಿ ಅವಳು ಒಂದು ಎಲೆ ಅಡಕೆಯನ್ನೂ ತೆಗೆದುಕೊಂಡವಳಲ್ಲ.

ನಾನು ಪಿ.ಯು.ಸಿ. ಎರಡನೆಯ ವರ್ಷದಲ್ಲಿದ್ದಾಗ, ಶಿವರಾತ್ರಿ ಕಳೆದ ಮೇಲೆ, ಅಜ್ಜನಿಗೆ ಮೂಗಿನಲ್ಲಿ ರಕ್ತ ಬಂದಿತು. ಬಿಸಿಲು ಎಂದರು. ಅಜ್ಜಿ ಗರಿಕೆ ಹಿಂಡಿದಳು, ನಿಂತಿತು. ಹದಿನೈದು ದಿನಗಳಲ್ಲಿ ಮತ್ತೆ ಬಂದಿತು, ಮತ್ತೆ ನಿಂತಿತು. ಹೀಗೆ ನಾಲ್ಕು ಬಾರಿ ಆಯಿತು. ಆ ನಡುವೆ ಆಶಾ ಕಾರ್ಯಕರ್ತೆಯೊಬ್ಬರು ಮನೆಗೆ ಬಂದು, ವಯಸ್ಸಾದವರ ರಕ್ತದ ಒತ್ತಡವನ್ನು ಉಪಕೇಂದ್ರದಲ್ಲಿ ಪುಕ್ಕಟೆಯಾಗಿ ನೋಡುತ್ತಾರೆ, ಕರೆದುಕೊಂಡು ಬಾ ಎಂದು ನನಗೆ ಹೇಳಿಹೋದರು. ಮನೆಯಲ್ಲಿ ಓದಿದವನು ನಾನೊಬ್ಬನೇ ಆದುದರಿಂದ ನನಗೇ ಹೇಳಿದರು. ನನಗೆ ಪರೀಕ್ಷೆ ಹತ್ತಿರವಿತ್ತು. ರಕ್ತವಂತೂ ನಿಲ್ಲುತ್ತಿದೆಯಲ್ಲ ಎಂದುಕೊಂಡೆ. ಕರೆದುಕೊಂಡು ಹೋಗಲಿಲ್ಲ. ಯುಗಾದಿಯ ನಂತರ ಒಂದು ಬೆಳಿಗ್ಗೆ ಅಜ್ಜನಿಗೆ ಬಲಗೈ ಏಳಲಿಲ್ಲ, ಮಾತು ತೊದಲಿತು. ಆಸ್ಪತ್ರೆಯಲ್ಲಿ ಅಳೆದಾಗ ರಕ್ತದ ಒತ್ತಡ ೨೦೦ಕ್ಕೆ ೧೧೦ ಇತ್ತು. ಅಜ್ಜ ಬದುಕಿದ. ಆದರೆ ಆ ಕೈಯಲ್ಲಿ ಮತ್ತೆ ಕುಡುಗೋಲು ಹಿಡಿಯಲಿಲ್ಲ.

ಅಂದಿನಿಂದ ಅಜ್ಜಿ ಗರಿಕೆಯನ್ನು ಮುಟ್ಟಲಿಲ್ಲ. ಯಾರಾದರೂ ಮಗುವನ್ನು ಕರೆತಂದರೆ, “ನಂಗೊತ್ತಿಲ್ಲ ಕಣವ್ವ, ಆಸ್ಪತ್ರೆಗೆ ಹೋಗು” ಎಂದು ಒಳಗೆ ಹೋಗಿಬಿಡುತ್ತಿದ್ದಳು. ಒಂದು ದಿನ ನನ್ನನ್ನು ಕೇಳಿದಳು: “ನೀನು ಓದ್ದೋನಲ್ವಾ, ಹೇಳು. ಆ ಹುಲ್ಲೇ ಕೆಡಿಸ್ತಾ?” ನನ್ನ ಬಳಿ ಉತ್ತರವಿರಲಿಲ್ಲ. ಅವಳು ತನ್ನನ್ನು ದೂರಿಕೊಳ್ಳುತ್ತಿದ್ದಳೇ ಹೊರತು ನನ್ನ ತಪ್ಪನ್ನು ಒಂದು ದಿನವೂ ಎತ್ತಿ ಆಡಲಿಲ್ಲ. ಅದೇ ನನಗೆ ಹೆಚ್ಚು ಕಷ್ಟವಾಯಿತು.

ಈ ಕಾಲೇಜಿಗೆ ಬಂದ ಮೇಲೆ ಮೂರು ವರ್ಷಗಳಲ್ಲಿ ಅಲ್ಲಿಷ್ಟು ಇಲ್ಲಿಷ್ಟು ಓದಿ ಕಂಡುಕೊಂಡದ್ದು ಹೀಗಿದೆ.

ಮೂಗಿನ ಎರಡು ಹೊಳ್ಳೆಗಳ ನಡುವಣ ಗೋಡೆಯ ಮುಂಭಾಗದಲ್ಲಿ ಸೂಕ್ಷ್ಮವಾದ ರಕ್ತನಾಳಗಳ ಒಂದು ಜಾಲವಿದೆ. ಮೂಗಿನ ರಕ್ತಸ್ರಾವಗಳಲ್ಲಿ ಬಹುಪಾಲು ಅಲ್ಲಿಂದಲೇ ಆಗುತ್ತವೆ. ಒಣಹವೆ, ನೆಗಡಿ, ಉಗುರು ತಾಗುವುದು ಇವೇ ಸಾಮಾನ್ಯ ಕಾರಣಗಳು. ಕುಳಿತುಕೊಂಡು, ತಲೆಯನ್ನು ಮುಂದಕ್ಕೆ ಬಾಗಿಸಿ, ಮೂಗಿನ ಮೆತ್ತನೆಯ ಭಾಗವನ್ನು ಹತ್ತು ಹದಿನೈದು ನಿಮಿಷ ಬಿಡದೆ ಒತ್ತಿ ಹಿಡಿದರೆ ಇದು ಸಾಮಾನ್ಯವಾಗಿ ತಾನಾಗಿಯೇ ನಿಲ್ಲುತ್ತದೆ. ವೈದ್ಯರು ಇಂದಿಗೂ ಹೇಳುವ ಪ್ರಥಮ ಚಿಕಿತ್ಸೆ ಇದೇ. ಇದನ್ನು ಓದಿದಾಗ ನಮ್ಮ ಜಗಲಿಯ ಚಿತ್ರ ಕಣ್ಣಿಗೆ ಬಂತು. ಗರಿಕೆಯನ್ನು ಆಯ್ದು, ತೊಳೆದು, ಅರೆದು, ಹಿಂಡುವುದಕ್ಕೆ ಹಿಡಿಯುತ್ತಿದ್ದ ಹೊತ್ತು ಕೂಡ ಹತ್ತು ಹದಿನೈದು ನಿಮಿಷವೇ! ಹಾಗಾದರೆ ರಕ್ತವನ್ನು ನಿಲ್ಲಿಸಿದ್ದು ಅಜ್ಜಿಯ ಹುಲ್ಲೋ, ಅಜ್ಜಿಯು ಮಾಡಿಸಿದ ಕ್ರಮವೋ? ಎರಡನೆಯದರ ಪಾಲೇ ಹೆಚ್ಚೆಂದು ನನಗೆ ತೋರುತ್ತದೆ. ಹುಲ್ಲಿಗೆ ಕೀರ್ತಿ ಬಂತು. ಕ್ರಮವನ್ನು ಯಾರೂ ಗಮನಿಸಲಿಲ್ಲ.

ಆದರೆ ರಕ್ತದ ಒತ್ತಡ ಹೆಚ್ಚಿರುವುದು ಬೇರೆ ಸಂಗತಿ. ಬಹಳ ಮಂದಿಯಲ್ಲಿ ಅದು ಯಾವ ಲಕ್ಷಣವನ್ನೂ ತೋರದೆ ವರ್ಷಗಟ್ಟಲೆ ಇರುತ್ತದೆ. ಅಳೆದಲ್ಲದೆ ಅದು ತಿಳಿಯದು. ವಯಸ್ಸಾದವರಿಗೆ ಮತ್ತೆ ಮತ್ತೆ ಮೂಗಿನಲ್ಲಿ ರಕ್ತ ಬಂದರೆ ಒತ್ತಡವನ್ನೂ ರಕ್ತವನ್ನೂ ಪರೀಕ್ಷಿಸಿಕೊಳ್ಳಬೇಕು. ರಕ್ತವು ಇಪ್ಪತ್ತು ಮೂವತ್ತು ನಿಮಿಷ ಒತ್ತಿ ಹಿಡಿದರೂ ನಿಲ್ಲದಿದ್ದರೆ, ಅಥವಾ ರೋಗಿಯು ರಕ್ತವನ್ನು ತೆಳುಮಾಡುವ ಔಷಧ ತೆಗೆದುಕೊಳ್ಳುವವನಾಗಿದ್ದರೆ, ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಗರಿಕೆಯಿಂದ ಅಜ್ಜನ ಮಿದುಳಿಗೆ ಕೇಡಾಗಲಿಲ್ಲ. ಒತ್ತಡವನ್ನು ಇಳಿಸುವ ಕೆಲಸವೂ ಆ ಎರಡು ಹನಿಯಿಂದ ಆಗುವಂಥದಲ್ಲ. ರಕ್ತ ನಿಂತಿತೆಂಬ ಸಮಾಧಾನವೇ ನಮ್ಮನ್ನು ಕೆಡಿಸಿತು.

ಇದಕ್ಕಿಂತ ಹೆಚ್ಚಾಗಿ ನನ್ನನ್ನು ಯೋಚಿಸುವಂತೆ ಮಾಡಿದ್ದು ಚರಕಸಂಹಿತೆ. ಚಿಕಿತ್ಸಾಸ್ಥಾನದ ನಾಲ್ಕನೆಯ ಅಧ್ಯಾಯವು ರಕ್ತಪಿತ್ತವನ್ನು, ಎಂದರೆ ಗಾಯವಿಲ್ಲದೆ ರಕ್ತ ಸುರಿಯುವ ರೋಗವನ್ನು ಕುರಿತದ್ದು. ಮೂಗಿನ ರಕ್ತಕ್ಕೆ ದೂರ್ವೆಯ ರಸವನ್ನು ಬಿಡಬೇಕೆಂಬುದು ಅಲ್ಲಿ ಇದ್ದೇ ಇದೆ. ಆದರೆ ಅದು ಅಧ್ಯಾಯದ ಆರಂಭದಲ್ಲಿಲ್ಲ, ಕೊನೆಕೊನೆಗೆ ಬರುತ್ತದೆ. ಮೊದಲಿಗೆ ಬರುವುದು ರೋಗಿಯ ಪರೀಕ್ಷೆ. ರಕ್ತವು ಮೇಲಿನ ದ್ವಾರಗಳಿಂದ ಬಂದರೆ ಸಾಧ್ಯ, ಕೆಳಗಿನಿಂದಾದರೆ ಯಾಪ್ಯ, ಎರಡೂ ಕಡೆಯಿಂದಾದರೆ ಅಸಾಧ್ಯ ಎಂದು ವಿಂಗಡಿಸುತ್ತಾರೆ. ರೋಗಿಯ ಬಲವನ್ನೂ ಆಹಾರವನ್ನೂ ನೋಡಬೇಕೆನ್ನುತ್ತಾರೆ. ಬಲವಿದ್ದು ಉಣ್ಣುತ್ತಿರುವವನಲ್ಲಿ ಆರಂಭದಲ್ಲಿಯೇ ರಕ್ತವನ್ನು ತಡೆಯಬಾರದು, ತಡೆದರೆ ಬೇರೆ ರೋಗಗಳು ಬರುತ್ತವೆ ಎಂದು ಎಚ್ಚರಿಸುತ್ತಾರೆ. ಇಂದಿನ ಶಾಸ್ತ್ರವು ಅವರ ಕಾರಣಗಳನ್ನು ಒಪ್ಪದಿರಬಹುದು. ಆದರೆ ಮೊದಲು ನೋಡು, ಆಮೇಲೆ ಮದ್ದು ಹಾಕು ಎಂಬ ಕ್ರಮವನ್ನು ಯಾರೂ ಅಲ್ಲಗಳೆಯಲಾರರು.

ಕನ್ನಡದಲ್ಲಿಯೂ ವೈದ್ಯವಿದ್ಯೆಗೆ ಗ್ರಂಥಗಳ ಕೊರತೆ ಇರಲಿಲ್ಲ. ಹನ್ನೆರಡನೆಯ ಶತಮಾನದಲ್ಲಿ ಜಗದ್ದಳ ಸೋಮನಾಥನು ಕರ್ಣಾಟಕ ಕಲ್ಯಾಣಕಾರಕವನ್ನೂ ಹದಿನಾಲ್ಕನೆಯ ಶತಮಾನದಲ್ಲಿ ಮಂಗರಾಜನು ವಿಷವೈದ್ಯವನ್ನು ಕುರಿತ ಖಗೇಂದ್ರಮಣಿದರ್ಪಣವನ್ನೂ ರಚಿಸಿದರು. ಆದರೆ ನಮ್ಮಂಥ ಮನೆಗಳಿಗೆ ಈ ವಿದ್ಯೆ ಪುಸ್ತಕದ ದಾರಿಯಿಂದ ಬರಲಿಲ್ಲ. ಅತ್ತೆಯಿಂದ ಸೊಸೆಗೆ, ಬಾಯಿಂದ ಬಾಯಿಗೆ ಬಂದಿತು. ಹಾಗೆ ಬರುವಾಗ ಮೂಲಿಕೆಯ ಹೆಸರು ಉಳಿಯಿತು. ಮೂಲಿಕೆಗೆ ಮುಂಚಿನ ಪರೀಕ್ಷೆ ದಾರಿಯಲ್ಲಿ ಉದುರಿಹೋಯಿತು. ಓದುವ ಹಕ್ಕು ನಮಗೆ ತಡವಾಗಿ ಸಿಕ್ಕಿದ್ದರ ನಷ್ಟಗಳಲ್ಲಿ ಇದೂ ಒಂದು. ಮನೆಮದ್ದೆಲ್ಲ ಮೌಢ್ಯವೆಂದು ನಗುವವರೂ, ಮನೆಮದ್ದೆಲ್ಲ ಅಮೃತವೆಂದು ಹೊಗಳುವವರೂ ಈ ನಷ್ಟವನ್ನು ಗಮನಿಸುವುದಿಲ್ಲ.

ಇಂದಿನ ಸಂಶೋಧನೆಯ ವಿಷಯವಾಗಿ ಎರಡು ಮಾತು. ಗರಿಕೆಯ ಸಾರವನ್ನು ಇಲಿಗಳ ಮೇಲೆ ಪ್ರಯೋಗಿಸಿದಾಗ ರಕ್ತದ ಸಕ್ಕರೆ ಇಳಿದದ್ದೂ ಗಾಯ ಬೇಗ ಮಾಯ್ದದ್ದೂ ಕಂಡುಬಂದಿದೆ. ಇವು ಆಶೆ ಹುಟ್ಟಿಸುವ ಸಂಗತಿಗಳು. ಆದರೆ ಮನುಷ್ಯರ ಮೇಲೆ ಕ್ರಮವಾಗಿ ನಡೆದ ಪರೀಕ್ಷೆಗಳು ಬಹಳ ಕಡಿಮೆ. ಆದಕಾರಣ ಸಕ್ಕರೆ ಕಾಯಿಲೆಯ ಗುಳಿಗೆಯನ್ನು ಬಿಟ್ಟು ಗರಿಕೆ ರಸವನ್ನು ನೆಚ್ಚುವುದು ಅಪಾಯ.

ಬಳಸುವವರು ನೆನಪಿಡಬೇಕಾದ ಇನ್ನು ಮೂರು ಎಚ್ಚರಿಕೆಗಳಿವೆ. ಈಗ ಬದುಗಳ ಗರಿಕೆಗೆ ಕಳೆನಾಶಕವನ್ನು ಸಿಂಪಡಿಸುವ ರೂಢಿ ಬಂದಿದೆ. ಆಳು ಸಿಗದೆ ನಮ್ಮ ತಂದೆಯವರೂ ಸಿಂಪಡಿಸಿದ್ದಾರೆ. ಅಂಥ ಕಡೆಯ ಗರಿಕೆಯನ್ನೂ ರಸ್ತೆ ಚರಂಡಿಗಳ ಬದಿಯ ಗರಿಕೆಯನ್ನೂ ಹೊಟ್ಟೆಗೆ ತೆಗೆದುಕೊಳ್ಳಬಾರದು. ಎರಡನೆಯದಾಗಿ, ಕೆರೆ ಕುಂಟೆಯ ನೀರಿನಲ್ಲಿ ತೊಳೆದು ಹಿಂಡಿದ ರಸವನ್ನು ಮೂಗಿಗೆ ಬಿಡಲೇಬಾರದು. ನಿಂತ ನೀರಿನಲ್ಲಿರುವ ಒಂದು ಬಗೆಯ ಅಮೀಬಾ ಮೂಗಿನ ಮೂಲಕ ಮಿದುಳನ್ನು ಸೇರಿ ಪ್ರಾಣ ತೆಗೆಯುತ್ತದೆ; ೨೦೨೪ರಲ್ಲಿ ಕೇರಳದಲ್ಲಿ ಈ ರೋಗದಿಂದ ಸಾವುಗಳು ಸಂಭವಿಸಿದವು. ಮೂರನೆಯದಾಗಿ, ಗರಿಕೆಯ ಹೂವಿನ ಪರಾಗವು ಕೆಲವರಿಗೆ ಸೀನನ್ನೂ ಉಬ್ಬಸವನ್ನೂ ತರುತ್ತದೆ. ಅಂಥವರು ಇದರಿಂದ ದೂರವಿರುವುದು ಮೇಲು. ಹೊರಗೆ ಹಚ್ಚುವ ಉಪಯೋಗಕ್ಕೆ, ಶುದ್ಧವಾದ ಜಾಗದ ಗರಿಕೆಗೆ, ನನ್ನ ಆಕ್ಷೇಪವಿಲ್ಲ. ಬೆವರುಸಾಲೆಗೆ ನಾನೇ ಹಚ್ಚಿಸಿಕೊಂಡು ತಂಪು ಕಂಡಿದ್ದೇನೆ.

ಕಳೆದ ದಸರಾ ರಜೆಯಲ್ಲಿ ಇದನ್ನೆಲ್ಲ ಅಜ್ಜಿಗೆ ಹೇಳಿದೆ. ಚರಕಸಂಹಿತೆಯ ಆ ಅಧ್ಯಾಯದ ಸಾರವನ್ನು ನಮ್ಮ ಮಾತಿನಲ್ಲಿ ಬಿಡಿಸಿದೆ. ಉಪಕೇಂದ್ರಕ್ಕೆ ಕರೆದುಕೊಂಡು ಹೋಗಬೇಕಾದವನು ನಾನು, ತಪ್ಪು ನನ್ನದು ಎಂಬುದನ್ನೂ ಹೇಳಿದೆ. ಅಜ್ಜಿ ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ, “ಹಂಗಾದ್ರೆ ನಮ್ಮತ್ತೆ ನಂಗೆ ಅರ್ಧ ಹೇಳ್ಕೊಟ್ಟಿದ್ಲು” ಎಂದಳು. ಪಕ್ಕದಲ್ಲಿ ಮಲಗಿದ್ದ ಅಜ್ಜ ತೊದಲುತ್ತ, “ಉಳಿದರ್ಧ ಇವನು ಹೇಳ್ದ” ಎಂದ. ಆ ಮಾತಿಗೆ ನಾನು ಅರ್ಹನಲ್ಲ, ಆದರೂ ಮರೆಯಲಾರೆ.

ಸಂಕ್ರಾಂತಿಗೆ ಊರಿಗೆ ಹೋಗಿದ್ದಾಗ ಜಗಲಿಯ ಮೇಲೆ ನೆರೆಮನೆಯ ಮುದುಕರೊಬ್ಬರು ಮೂಗು ಹಿಡಿದು, ತಲೆ ಬಗ್ಗಿಸಿ ಕುಳಿತಿದ್ದರು. ಅಜ್ಜಿ ಗರಿಕೆ ಅರೆಯುತ್ತಿರಲಿಲ್ಲ. ರಕ್ತ ನಿಲ್ಲುವವರೆಗೂ ಎದುರಿಗೆ ನಿಂತಿದ್ದು, ಬಳಿಕ ಅವರ ಮಗನನ್ನು ಕೂಗಿ ಕೇಳುತ್ತಿದ್ದಳು: “ನಿಮ್ಮಪ್ಪಂಗೆ ಬಿ.ಪಿ. ನೋಡ್ಸಿದೀಯೇನೋ?”